ಐಸಿರಿಯ ಹಸಿವು

ಚಿತ್ರದುರ್ಗದ ಹೊರಗೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ ಒಂದು ಬಿಳಿ ಕಟ್ಟಡವಿತ್ತು; ಮಕ್ಕಳ ಬೊಜ್ಜಿನ ಸಂಶೋಧನಾ ಕೇಂದ್ರ. ಅದರ ಮೊದಲ ಮಹಡಿಯ ದೊಡ್ಡ ಗೋಡೆಯ ಮೇಲೆ ನಾಲ್ಕು ಜಿಲ್ಲೆಗಳ ಮಕ್ಕಳ ಹಸಿವು ಬಣ್ಣದ ಚುಕ್ಕೆಗಳಾಗಿ ಮಿನುಗುತ್ತಿತ್ತು. ಚುಕ್ಕೆ ಹಸಿರಾಗಿದ್ದರೆ ಮಗು ತೃಪ್ತವಾಗಿದೆ, ಹಳದಿಯಾದರೆ ತಿನ್ನುತ್ತಿದೆ, ಕೆಂಪಾದರೆ ಮಿತಿಮೀರಿ ತಿನ್ನುತ್ತಿದೆ ಎಂದರ್ಥ. ಕೆಂಪು ಹೆಚ್ಚು ಹೊತ್ತು ನಿಂತರೆ ಆ ಮಗುವಿನ ತೋಳಿನೊಳಗಿನ ಕಾಳು ತಾನಾಗಿಯೇ ಇನ್ನಷ್ಟು ಔಷಧ ಬಿಡುತ್ತಿತ್ತು. ಯಾರೂ ಮಗುವನ್ನು ಬೈಯಬೇಕಿರಲಿಲ್ಲ, ಅದರ ಮುಂದಿನ ತಟ್ಟೆ ಕಸಿದುಕೊಳ್ಳಬೇಕಿರಲಿಲ್ಲ. ಅಷ್ಟು ಸುಲಭ. ಇಷ್ಟು ಸುಲಭವಾದದ್ದನ್ನು ಕಂಡಾಗ ಕೊಂಚ ಅನುಮಾನ ಪಡಬೇಕೆಂಬ ಬುದ್ಧಿ ಮಾತ್ರ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ.

ಕಾಳು ಎಂದು ಹೆಸರಿಟ್ಟವರು ಮಕ್ಕಳೇ. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಆದರೆ ಜೋಳದ ಕಾಳಿನಷ್ಟೇ ಇದ್ದು ತೋಳಿನ ಚರ್ಮದಡಿ ಕೂರುತ್ತಿದ್ದ ವಸ್ತುವಿಗೆ ಅಷ್ಟುದ್ದದ ಹೆಸರು ಹೊಂದಲಿಲ್ಲ. ದೊಡ್ಡವರ ತೂಕ ಇಳಿಸುವ ಚುಚ್ಚುಮದ್ದು ಬಂದು ಆಗಲೇ ಬಹಳ ವರ್ಷವಾಗಿತ್ತು. ಹೊಟ್ಟೆ ತುಂಬಿದಾಗ ಕರುಳು ಮಿದುಳಿಗೆ ‘ಸಾಕು’ ಎಂದು ಹೇಳುತ್ತದಲ್ಲ, ಅದನ್ನೇ ಆ ಔಷಧವೂ ಹೇಳುತ್ತದೆ. ಆದರೆ ಮಕ್ಕಳು ಸೂಜಿ ಕಂಡರೆ ಅಳುತ್ತಾರೆ, ಬೆಳೆಯುವ ಮೈಗೆ ಒಂದೇ ಅಳತೆ ಹೊಂದುವುದೂ ಇಲ್ಲ. ಅದಕ್ಕಾಗಿ ಈ ಕಾಳು. ರಕ್ತದಲ್ಲಿ ಸಕ್ಕರೆ ಏರುವುದನ್ನು ನೋಡಿ ಮಗು ಎಷ್ಟು ತಿಂದಿತೆಂದು ಅದು ಅಳೆಯುತ್ತಿತ್ತು. ಹೆಚ್ಚು ತಿಂದರೆ ಹೆಚ್ಚು ಔಷಧ, ಕಡಿಮೆ ತಿಂದರೆ ಕಡಿಮೆ.

ಎಷ್ಟು ತಿಂದರೆ ಎಷ್ಟು ಔಷಧ ಎಂಬ ನಿಯಮ ಬರೆದವನು ಓಬಳೇಶ. ವೈದ್ಯನಲ್ಲ, ಗಣಿತದವನು. ಅವನ ನಿಯಮದ ತಳದಲ್ಲಿ ಒಂದೇ ಒಂದು ಸಾಲಿತ್ತು: ತಿನ್ನುವವರು ಹಸಿದಿದ್ದಾರೆ. ಇದರಲ್ಲಿ ತಪ್ಪೇನಿದೆ? ಪರಿಶೀಲನೆಗೆ ಬಂದ ದೇಶವಿದೇಶದ ಪಂಡಿತರಿಗೂ ತಪ್ಪು ಕಾಣಲಿಲ್ಲ. ಅದರ ಮೇಲೆ ಓಬಳೇಶ ಇನ್ನೊಂದು ಜಾಣತನ ಮಾಡಿದ್ದ. ನಮ್ಮ ಜನ ಹಬ್ಬಕ್ಕೆ ಹಸಿವಿಲ್ಲದಿದ್ದರೂ ಹೋಳಿಗೆ ತಿನ್ನುತ್ತಾರೆಂದು ಯುಗಾದಿ, ದೀಪಾವಳಿ, ರಂಜಾನ್, ಕ್ರಿಸ್‌ಮಸ್, ಕೊನೆಗೆ ಊರೂರಿನ ಮಾರಿಹಬ್ಬದ ದಿನಗಳಲ್ಲೂ ಔಷಧ ಏರದಂತೆ ತಡೆ ಹಾಕಿದ್ದ. ಕೇಂದ್ರದ ಮುಖ್ಯಸ್ಥೆ, ಧಾರವಾಡ ಕಡೆಯ ಡಾಕ್ಟರ್ ಮಂದಾಕಿನಿ, ಎಲ್ಲರೆದುರು ಅವನ ಬೆನ್ನು ತಟ್ಟಿದ್ದರು.

“ನಮ್ಮ ಮಂದಿ ಬಲ್ಲವ್ರು ನಮ್ಮ ಕಡಿ ಇರೂದು ಎಷ್ಟು ಚಲೋ ಆತು ನೋಡ್ರಿ,” ಎಂದಿದ್ದರು ಆಕೆ.

ಓಬಳೇಶ ಹಿಗ್ಗಿ ಹೀರೇಕಾಯಿಯಾಗಿದ್ದ.

ಅವನ ಮನೆ ಕೋಟೆಯ ಹಿಂದಿನ ಬೀದಿಯಲ್ಲಿ. ಮದುವೆಯಾಗಿರಲಿಲ್ಲ. ತಾಯಿ ಮಾರಕ್ಕ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ತಂಗಿ ನೇತ್ರಾವತಿ, ಅವಳ ಮಗಳು ಐಸಿರಿ, ಇಷ್ಟೇ ಸಂಸಾರ. ನೇತ್ರಾವತಿಯ ಗಂಡ ಸಕ್ಕರೆ ಕಾಯಿಲೆಯಲ್ಲಿ ಮೊದಲು ಕಾಲು ಕಳೆದುಕೊಂಡು, ಆಮೇಲೆ ಮೂತ್ರಪಿಂಡ ಕಳೆದುಕೊಂಡು ನಲವತ್ತು ದಾಟದೆ ಹೋಗಿಬಿಟ್ಟಿದ್ದ. ಐಸಿರಿಗೆ ಅಪ್ಪನದೇ ಮೈಕಟ್ಟು. ದುಂಡುಮುಖ, ದುಂಡುಕೈ, ಮೆಟ್ಟಿಲು ಹತ್ತಿದರೆ ಏದುಸಿರು. ಶಾಲೆಯಲ್ಲಿ ಅವಳಿಗೆ ಇಟ್ಟಿದ್ದ ಅಡ್ಡಹೆಸರನ್ನು ಅವಳು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ.

ಆದರೆ ಆ ಹುಡುಗಿಯ ಊಟ ನೋಡುವುದೇ ಒಂದು ಸುಖ. ಶಾಲೆಯಿಂದ ಬಂದವಳು ಚೀಲ ಎಸೆದು ನೇರ ಒಲೆಯ ಬಳಿಗೇ ಹೋಗುತ್ತಿದ್ದಳು. “ಅಜ್ಜಿ, ಹೊಟ್ಟೆ ಒಳಗೆ ಯಾರೋ ಬಾಗಿಲು ಬಡಿತಾ ಇದಾರೆ,” ಎನ್ನುವಳು. ಬಿಸಿ ರಾಗಿಮುದ್ದೆಯನ್ನು ಬೆರಳು ಸುಟ್ಟುಕೊಂಡು ಮುರಿದು, ಹುರುಳಿ ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗುವಳು. ಸಾರಿಗೆ ಬೆಳ್ಳುಳ್ಳಿ ಒಂದು ಎಸಳು ಕಡಿಮೆಯಾದರೂ ಅವಳಿಗೆ ತಿಳಿಯುತ್ತಿತ್ತು. ಮಾರಕ್ಕ ಅಡುಗೆ ಮಾಡುತ್ತಿದ್ದುದೇ ಮೊಮ್ಮಗಳ ಮುಖ ನೋಡಲಿಕ್ಕೆ.

ನೇತ್ರಾವತಿಗೆ ಮಾತ್ರ ಮಗಳ ಪ್ರತಿ ತುತ್ತಿನಲ್ಲೂ ಗಂಡನ ಕತ್ತರಿಸಿದ ಕಾಲು ಕಾಣುತ್ತಿತ್ತು.

“ಅಣ್ಣ, ಊರ ಮಕ್ಕಳಿಗೆಲ್ಲ ಹಾಕ್ತೀರ. ನನ್ ಮಗಳೇನು ಪಾಪ ಮಾಡಿದಾಳೆ? ಅವಳಪ್ಪನಂಗೆ ಇವಳನ್ನೂ ಮಣ್ಣು ಮಾಡ್ಲಾ ನಾನು?” ಎಂದು ಒಂದು ದಿನ ಕೇಳಿಯೇಬಿಟ್ಟಳು.

ಸಂಶೋಧಕರ ಮನೆಯ ಮಕ್ಕಳನ್ನು ಪ್ರಯೋಗಕ್ಕೆ ಸೇರಿಸಬಾರದೆಂಬ ನಿಯಮವಿತ್ತು. ಓಬಳೇಶ ದಾವಣಗೆರೆಯ ಶಾಖೆಯ ಮೂಲಕ, ತಂಗಿಯ ಗಂಡನ ಮನೆತನದ ಹೆಸರಿನಲ್ಲಿ ಐಸಿರಿಯನ್ನು ಸೇರಿಸಿದ. ಮಕ್ಕಳಿಗೆಲ್ಲ ಸಂಖ್ಯೆಗಳು, ಯಾವ ಸಂಖ್ಯೆ ಯಾವ ಮಗುವಿನದೆಂದು ಗೋಡೆ ನೋಡುವವರಿಗೆ ತಿಳಿಯುತ್ತಿರಲಿಲ್ಲ. ಅವನೂ ಕೆದಕಲು ಹೋಗಲಿಲ್ಲ. ನಿಯಮ ಮುರಿದವನಿಗೆ ಅಷ್ಟಾದರೂ ನಿಷ್ಠೆ ಇರಬೇಕಲ್ಲ ಎಂದುಕೊಂಡ.

ಕಾಳು ಹಾಕಿದ ಮೇಲೆ ಐಸಿರಿಯ ತೂಕ ನಿಧಾನವಾಗಿ ಇಳಿಯಿತು. ಒಲೆಯ ಬಳಿ ಬಂದು ನಿಲ್ಲುವುದು ಕಡಿಮೆಯಾಯಿತು, ಆದರೆ ಊಟದ ಹೊತ್ತಿಗೆ ಹಸಿವಾಗುತ್ತಿತ್ತು. ಮುದ್ದೆಯಲ್ಲಿ ಅರ್ಧ ಸಾಕು ಎನ್ನುತ್ತಿದ್ದಳು. ಮೆಟ್ಟಿಲು ಓಡಿ ಹತ್ತಿದಳು. ಕೋಟೆಯ ಮೇಲೆ ಗೆಳತಿಯರ ಜೊತೆ ನಿಂತು ತೆಗೆಸಿಕೊಂಡ ಫೋಟೋವನ್ನು ನೇತ್ರಾವತಿ ದೇವರ ಗೂಡಿನ ಪಕ್ಕ ಇಟ್ಟಳು. ಔಷಧ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಅದನ್ನು ಸುಳ್ಳೆನ್ನಲಾಗದು. ಅಲ್ಲಿಗೇ ನಿಂತಿದ್ದರೆ ಈ ಕಥೆ ಹೇಳುವ ಕೆಲಸವೇ ಇರಲಿಲ್ಲ.

ಆ ವರ್ಷದ ಮಾಘದಲ್ಲಿ ಐಸಿರಿ ದೊಡ್ಡವಳಾದಳು.

ಮಾರಕ್ಕ ಕೇಂದ್ರದಲ್ಲಿದ್ದ ಮಗನಿಗೆ ಫೋನು ಮಾಡಿ, “ಸೋದರಮಾವ ಇಲ್ದೆ ಗುಡ್ಲು ಹಾಕೋಕಾಯ್ತದೇನಪ್ಪ? ರಜೆ ಹಾಕಿ ಬಾ,” ಎಂದಳು. ಓಬಳೇಶನಿಗೆ ಒಳಗೊಳಗೇ ಸಂಕೋಚ. ಈ ಕಾಲದಲ್ಲಿ ಇದೆಲ್ಲ ಬೇಕೆ ಅನ್ನಿಸಿತು. ಆದರೂ ತಾಯಿಯ ಮಾತು ಮೀರಲಿಲ್ಲ. ಅತ್ತಿಸೊಪ್ಪು, ತೆಂಗಿನ ಗರಿ ತಂದು ಪಡಸಾಲೆಯ ಮೂಲೆಯಲ್ಲಿ ಒಬ್ಬಳು ಕೂರುವಷ್ಟು ಹಸಿರು ಗುಡಿಸಲು ಕಟ್ಟಿದ. ಕಟ್ಟುವಾಗ ಕೈಗೆ ಗರಿ ಚುಚ್ಚಿ ರಕ್ತ ಬಂತು. ಐಸಿರಿ ಒಳಗಿಂದಲೇ ನಕ್ಕು, “ಮಾವಂಗೆ ಕಂಪ್ಯೂಟರ್ ಒಂದು ಬಿಟ್ಟು ಏನೂ ಬರಲ್ಲ,” ಎಂದಳು. ಬಂದಿದ್ದ ಹೆಂಗಸರೆಲ್ಲ ಹೋ ಎಂದು ನಕ್ಕರು.

ಆಮೇಲೆ ಶುರುವಾಯಿತು ತಿನ್ನಿಸುವುದು. ಮೈನೆರೆದ ಹುಡುಗಿಯ ಸೊಂಟ ಗಟ್ಟಿಯಾಗಬೇಕು, ಮುಂದೆ ಹೆರಿಗೆಗೆ ಕಷ್ಟವಾಗಬಾರದು ಎಂದು ದಿನಕ್ಕೊಂದು ಮನೆಯವರು ಸರದಿಯಲ್ಲಿ ಅಡುಗೆ ತಂದರು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ಬೆಲ್ಲ, ತುಪ್ಪ ಸುರಿದ ಉದ್ದಿನ ಹಿಟ್ಟು, ಪುಟ್ಟು. ತಂದ ಹೆಂಗಸೇ ಹುಡುಗಿಯ ಬಾಯಿಗೆ ಇಡಬೇಕು, ಹುಡುಗಿ ಬೇಡ ಎನ್ನಬಾರದು. ಬೇಡ ಎಂದರೆ ಆ ಮನೆಯವರ ಹಾರೈಕೆಯನ್ನೇ ತಳ್ಳಿದಂತೆ.

ಪ್ರತಿ ವಾರ ಕೇಂದ್ರದಿಂದ ಒಬ್ಬ ಹುಡುಗ ಫೋನು ಮಾಡಿ ಮನೆಯಲ್ಲಿ ಏನಾದರೂ ವಿಶೇಷವಿದೆಯೇ ಎಂದು ವಿಚಾರಿಸುತ್ತಿದ್ದ. ಆ ವಾರವೂ ಮಾಡಿದ. ನೇತ್ರಾವತಿ ಸೆರಗು ಬಾಯಿಗಿಟ್ಟುಕೊಂಡು, “ಏನೂ ಇಲ್ಲಪ್ಪ,” ಎಂದು ಫೋನು ಇಟ್ಟಳು. ಗುರುತು ಪರಿಚಯವಿಲ್ಲದ ಗಂಡಸಿನ ಹತ್ತಿರ ಇಂಥದ್ದನ್ನು ಯಾವ ತಾಯಿ ಹೇಳುತ್ತಾಳೆ? ಪಕ್ಕದಲ್ಲೇ ಕೂತು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ ಓಬಳೇಶ ಆ ಮಾತನ್ನು ಕೇಳಿಸಿಕೊಂಡ. ಸರಿಯಾಗಿಯೇ ಹೇಳಿದಳು ಅನ್ನಿಸಿತು ಅವನಿಗೂ.

ರಜೆ ಮುಗಿಸಿ ಕೆಲಸಕ್ಕೆ ಹೋದರೆ ಗೋಡೆಯ ಮುಂದೆ ನಾಲ್ಕು ಜನ ನಿಂತಿದ್ದರು. ಒಂದು ಚುಕ್ಕೆ ಬಿಡದೆ ಕೆಂಪಾಗುತ್ತಿತ್ತಂತೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಆ ಮಗು ತಿನ್ನುತ್ತಲೇ ಇತ್ತು. ಕಾಳು ಔಷಧ ಏರಿಸಿದಂತೆಲ್ಲ ಇನ್ನೂ ತಿನ್ನುತ್ತಿತ್ತು. ಇಂಥವಕ್ಕೆ ಓಬಳೇಶ ‘ಹಟಮಾರಿ ಹಸಿವು’ ಎಂದು ಹೆಸರಿಟ್ಟು, ಮೇಲಿನ ಮಿತಿಯನ್ನು ಹಿಂದಿನ ವರ್ಷವೇ ಸಡಿಲಿಸಿದ್ದ. ಗಂಡುಹುಡುಗರು ಕೆಲವರಿಗೆ ಹಳೆಯ ಮಿತಿ ಏನೂ ನಾಟುತ್ತಿರಲಿಲ್ಲ, ಅದಕ್ಕೆ. ಈಗ ಆ ಚುಕ್ಕೆ ಹೊಸ ಮಿತಿಯ ತುದಿ ಮುಟ್ಟಿ, ಅವನ ಕಣ್ಣೆದುರೇ ಹಳದಿಗೆ ತಿರುಗಿ, ಹಸಿರಾಗಿ ನಿಂತುಬಿಟ್ಟಿತು.

“ಕೊನೆಗೂ ಬಗ್ಗಿತು ಮೇಡಂ!” ಎಂದು ಓಬಳೇಶ ಕೈ ತಟ್ಟಿದ.

“ನಿಮ್ಮ ನಿಯಮ ಗೆದ್ದೈತ್ರಿ,” ಎಂದರು ಮಂದಾಕಿನಿ. ಎಲ್ಲರಿಗೂ ಚಹಾ ತರಿಸಿದರು.

ಮರುವಾರ ಶಾಲೆಯ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಐಸಿರಿ ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ಅವಳ ತುಟಿ ಒಣಗಿ ಸೀಳಿತ್ತು. ಊಟ ಮಾತ್ರವಲ್ಲ, ನೀರನ್ನೂ ಅವಳು ಕುಡಿದಿರಲಿಲ್ಲ. ಮನೆಯಲ್ಲಿ ಕೇಳಿದರೆ ಶಾಲೆಯಲ್ಲಿ ಆಯಿತು ಎಂದಿದ್ದಳು, ಶಾಲೆಯಲ್ಲಿ ಕೇಳಿದರೆ ಮನೆಯಲ್ಲಿ ಆಯಿತು ಎಂದಿದ್ದಳು. ಬೇಕೆಂದು ಹೇಳಿದ ಸುಳ್ಳಲ್ಲ ಅದು. ಹೊಟ್ಟೆ ಏನೂ ಹೇಳದಿದ್ದಾಗ ಆಯಿತು ಎಂದೇ ಅವಳು ತಿಳಿದಿದ್ದಳು. ವೈದ್ಯರು ಮೊದಲು ಕಾಳನ್ನು ಕಿತ್ತು ತೆಗೆದು ಸಣ್ಣ ಬಟ್ಟಲಿಗೆ ಹಾಕಿದರು. ಓಬಳೇಶ ಅದರ ಮೇಲಿನ ಸಂಖ್ಯೆಯನ್ನು ಓದಿದ. ಗೋಡೆಯ ಮೇಲೆ ಹಸಿರಾಗಿ ನಿಂತ ಆ ಚುಕ್ಕೆಯದೇ ಸಂಖ್ಯೆ. ತಾನು ಕೈ ತಟ್ಟಿದ್ದು ಯಾರಿಗೆಂದು ಅವನಿಗೆ ತಿಳಿದದ್ದು ಆಗ.

ಆದರೂ ಅವನ ಗಣಿತದ ತಲೆ ಒಪ್ಪಲಿಲ್ಲ. ಔಷಧ ಆ ತುದಿಗೇರಿದ ಮೇಲೂ ಮಗು ಹೇಗೆ ತಿಂದಿತು? ಕಾಳು ಕೆಟ್ಟಿತ್ತೇ? ಸಲೈನ್ ಏರುತ್ತಿದ್ದ ಐಸಿರಿಯ ಕೈ ಸವರುತ್ತ ಕೂತಿದ್ದ ಮಾರಕ್ಕನನ್ನು ಕೇಳಿದ.

“ಅವ್ವ, ಗುಡ್ಲಲ್ಲಿ ಕೂತಾಗ ಇವಳು ಚೆನ್ನಾಗಿ ತಿಂದ್ಲಾ?”

“ತಿಂದ್ಲು ಕಣಪ್ಪ. ಬಂಗಾರದಂಥ ಮಗ. ಯಾರ ಮನೇದೂ ಬ್ಯಾಡ ಅನ್ಲಿಲ್ಲ. ಕೊನೆಕೊನೆಗೆ ಕಣ್ಣಲ್ಲಿ ನೀರು ಬರ್ತಿತ್ತು, ಆದ್ರೂ ಬಾಯಿ ತೆಗೀತಿದ್ಲು.” ಮಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಖುಷಿಗೆ ಅಳ್ತಾಳೆ ಅನ್ಕೊಂಡೆ ನಾನು ಪಾಪಿ.”

ಓಬಳೇಶ ಹಾಸಿಗೆಯ ಕಡೆ ಬಾಗಿದ.

“ಸಿರಿ, ಹಸಿವು ಇರ್ಲಿಲ್ಲ ಅಂದ್ರೆ ಯಾಕ್ ತಿಂದೆ ಪುಟ್ಟ?”

“ದೊಡ್ಡೋರು ಬಾಯಿಗಿಟ್ರೆ ಬ್ಯಾಡ ಅಂತಾರಾ ಮಾವ?” ಎಂದಳು ಐಸಿರಿ. ಇದೇನು ಪ್ರಶ್ನೆ ಕೇಳುತ್ತಿದ್ದಾನೆ ಇವನು ಎನ್ನುವಂತೆ ನೋಡಿದಳು.

ಇಷ್ಟೇ. ಅವಳು ತಿಂದಷ್ಟೂ ಕಾಳು ಅವಳನ್ನು ಹಸಿದವಳೆಂದು ತಿಳಿಯಿತು. ಹಸಿದವಳೆಂದು ತಿಳಿದು ಹಸಿವನ್ನು ಕೊಂದಿತು. ಹಸಿವು ಸತ್ತ ಮೇಲೂ ಅವಳು ದೊಡ್ಡವರ ಮರ್ಯಾದೆಗೆ ಬಾಯಿ ತೆರೆದಳು. ಅದು ಮತ್ತೆ ಏರಿಸಿತು. ಗುಡಿಸಲಿನಿಂದ ಎದ್ದ ಮೇಲೆ ಬಾಯಿಗಿಡುವವರಿಲ್ಲದೆ ಅವಳು ತಿನ್ನುವುದೇ ನಿಂತಿತು, ಚುಕ್ಕೆ ಹಸಿರಾಯಿತು. ಮಾರಿಹಬ್ಬವನ್ನೂ ಬಿಡದೆ ತಡೆ ಹಾಕಿದ್ದ ಓಬಳೇಶನಿಗೆ, ತಾನೇ ಕೈಯಾರೆ ಗುಡಿಸಲು ಕಟ್ಟಿದ ಈ ಆಚರಣೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಗಂಡಸರು ಹೊಸ್ತಿಲಾಚೆ ನಿಂತು ನೋಡುವ ಸಂಗತಿ ಅದು. ಹೆಂಗಸರು ಬಾಯಿಬಿಡುವುದಿಲ್ಲ, ಗಂಡಸರು ವಿಚಾರಿಸುವುದಿಲ್ಲ.

ಮರುದಿನ ಅವನು ಮಂದಾಕಿನಿಯವರ ಕೋಣೆಗೆ ಹೋಗಿ, ಐಸಿರಿ ತನ್ನ ಸೋದರಸೊಸೆ ಎನ್ನುವುದರಿಂದ ಹಿಡಿದು ಎಲ್ಲವನ್ನೂ ಹೇಳಿದ. ಆಕೆ ಬೈಯಲಿಲ್ಲ. ಹಳೆಯ ಮಾಹಿತಿಯನ್ನೆಲ್ಲ ತೆಗೆಸಿದರು. ಅದೇ ಥರ ಹಬ್ಬವಿಲ್ಲದ ದಿನಗಳಲ್ಲಿ ಕೆಂಪಾಗಿ, ಮಿತಿ ಮುಟ್ಟಿ, ಇದ್ದಕ್ಕಿದ್ದಂತೆ ಹಸಿರಾದ ಇನ್ನೂ ಕೆಲವು ಚುಕ್ಕೆಗಳು ಸಿಕ್ಕವು. ಎಲ್ಲ ಹೆಣ್ಣುಮಕ್ಕಳು. ಎಲ್ಲ ಆ ವಯಸ್ಸಿನವರು.

“ನಮ್ಮವ್ವನೂ ನನಗ ಹಿಂಗ ತಿನಿಸಿದ್ಲು ಓಬಳೇಶ,” ಎಂದರು ಮಂದಾಕಿನಿ. ಧ್ವನಿ ಒಡೆದಿತ್ತು. “ಇಷ್ಟ್ ವರ್ಷ ಈ ಗ್ವಾಡಿ ಮುಂದ ಕೂತೀನಿ. ಒಮ್ಮೆರೆ ನೆನಪಾಗಬಾರದಿತ್ತೇನು?”

ಆ ಮಕ್ಕಳೆಲ್ಲರ ಕಾಳು ತೆಗೆಸಿದರು. ಉಳಿದವರಿಗೆ ಔಷಧ ನಿಲ್ಲಿಸಿದರು. ಆದರೆ ಪ್ರಶ್ನೆ ಉಳಿಯಿತು: ಹೋದ ಹಸಿವು ತಿರುಗಿ ಬರುತ್ತದೆಯೇ? ದೊಡ್ಡವರಲ್ಲಾದರೆ ಔಷಧ ನಿಂತ ಕೆಲವೇ ವಾರಗಳಲ್ಲಿ ಹಸಿವು ಮರಳುತ್ತದೆ. ಈ ಹುಡುಗಿಯರ ವಿಷಯ ಬೇರೆ. ಮೈನೆರೆಯುವ ಹೊತ್ತಿಗೆ ಮಿದುಳು ಹಸಿವಿನ ಲೆಕ್ಕವನ್ನು ಹೊಸದಾಗಿ ಬರೆದುಕೊಳ್ಳುತ್ತದೆ, ಮುಂದೆ ಜೀವಮಾನವಿಡೀ ಅದೇ ಲೆಕ್ಕ ಎಂದು ಮಂದಾಕಿನಿ ಊಹಿಸಿದರು. ಸರಿಯಾಗಿ ಆ ಹೊತ್ತಿನಲ್ಲೇ ಕಾಳು ‘ಸಾಕು, ಸಾಕು’ ಎಂದು ಕೂಗಿತ್ತು. ಮಿದುಳು ಅದನ್ನು ನಂಬಿಬಿಟ್ಟಿದ್ದರೆ?

ಪ್ರತಿ ಹುಡುಗಿಯ ಹೊಟ್ಟೆಯ ಮೇಲೂ ಒಂದು ತೆಳು ಪಟ್ಟಿ ಅಂಟಿಸಿದರು. ಇದು ತಿಂದದ್ದನ್ನು ಅಳೆಯುವುದಲ್ಲ, ನಿಜವಾದ ಹಸಿವನ್ನು ಅಳೆಯುವುದು. ಊಟದ ಹೊತ್ತು ಬಂದಾಗ ಹೊಟ್ಟೆ ರಕ್ತಕ್ಕೆ ಬಿಡುವ ಸಂಕೇತವನ್ನು ಹಿಡಿದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಹಸಿದವರ ಗೆರೆ ಊಟಕ್ಕೆ ಮುಂಚೆ ಏರಿ, ಉಂಡ ಮೇಲೆ ಇಳಿಯುತ್ತದೆ. ಮೊದಲೇ ಇದನ್ನು ಹಾಕಬೇಕಿತ್ತೆಂದು ಈಗ ಯಾರು ಬೇಕಾದರೂ ಹೇಳಬಹುದು. ಪಟ್ಟಿ ದುಬಾರಿ, ಮಕ್ಕಳ ಮೈ ತುರಿಸುತ್ತದೆ, ಕಾಳಾದರೆ ಸುಲಭ ಎಂದು ತೀರ್ಮಾನಿಸಿದವರಲ್ಲಿ ಓಬಳೇಶನೂ ಒಬ್ಬ.

ಐಸಿರಿಯ ಗೆರೆ ಮೇಜಿನ ಅಂಚಿನಂತೆ ನೆಟ್ಟಗೆ ಬಿದ್ದಿತ್ತು.

ಮನೆಯಲ್ಲಿ ಗಡಿಯಾರ ನೋಡಿ ಊಟ ಮಾಡಿಸುವ ಪದ್ಧತಿ ಬಂತು. ಗಂಟೆ ಬಾರಿಸಿದರೆ ನೀರು, ಇನ್ನೊಂದು ಬಾರಿಸಿದರೆ ಅನ್ನ. ಐಸಿರಿ ತಕರಾರು ಮಾಡುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು, ಹೋಂವರ್ಕ್ ಮುಗಿಸುವವರಂತೆ ಮುಗಿಸಿ ಏಳುತ್ತಿದ್ದಳು. ಸಾರಿಗೆ ಉಪ್ಪು ಹಾಕುವುದನ್ನೇ ಮಾರಕ್ಕ ಒಂದು ದಿನ ಮರೆತಳು. ಐಸಿರಿ ಏನೂ ಹೇಳದೆ ಉಂಡಳು. ಮಾರಕ್ಕ ತಾನು ಉಣ್ಣಲು ಕೂತಾಗ ಅದು ತಿಳಿದು, ತಟ್ಟೆ ಸರಿಸಿ ಎದ್ದುಬಿಟ್ಟಳು.

ಎಲ್ಲರಿಗಿಂತ ಕೆಟ್ಟದಾಗಿ ಒಣಗಿದವಳು ನೇತ್ರಾವತಿ. ಮಗಳು ತಿನ್ನುತ್ತಾಳೆಂದು ಅಳುತ್ತಿದ್ದವಳು ಈಗ ಮಗಳು ಕೇಳಿ ತಿನ್ನಲಿ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಅಣ್ಣನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಾನೇ ಅಲ್ವೇನಣ್ಣ ನಿನ್ನ ಪೀಡಿಸಿದ್ದು,” ಎನ್ನುತ್ತಿದ್ದಳು. “ನನ್ನ ಮಗಳ ಬಾಯಿ ಕಟ್ಟು ಅಂತ ನಾನೇ ಕೇಳ್ಕೊಂಡೆ. ದೇವ್ರು ಅದನ್ನೇ ಕೊಟ್ಟ.”

ಮಂದಾಕಿನಿಯವರ ಮೇಲೆ ಮೇಲಿನವರ ಒತ್ತಡ ಬರತೊಡಗಿತು. ಬೇರೆ ಜಿಲ್ಲೆಗಳಲ್ಲಿ ನೂರಾರು ಮಕ್ಕಳು ಸರದಿಯಲ್ಲಿ ಕಾಯುತ್ತಿದ್ದರು. ಅವರ ತಾಯ್ತಂದೆಯರೂ ನೇತ್ರಾವತಿಯಂತೆಯೇ ಹೆದರಿದವರು. ಕೊನೆಗೆ ಒಂದು ತೀರ್ಮಾನವಾಯಿತು. ಹಸಿವು ಹೋದ ಹುಡುಗಿಯರಲ್ಲಿ ಒಬ್ಬಳಿಗಾದರೂ ಅದು ಮರಳಿದರೆ ಹಾನಿ ತಾತ್ಕಾಲಿಕವೆಂದು ಬರೆದು, ಕಡಿಮೆ ಮಿತಿಯಲ್ಲಿ ಪ್ರಯೋಗವನ್ನು ಮತ್ತೆ ಶುರು ಮಾಡುವುದು. ಯಾರಿಗೂ ಮರಳದಿದ್ದರೆ ಕಾಳನ್ನು ಮಕ್ಕಳಿಗೆ ಹಾಕುವುದನ್ನೇ ಕೈಬಿಡುವುದು.

ತಿಂಗಳುಗಳು ಕಳೆದವು. ಒಬ್ಬಳ ಗೆರೆಯೂ ಅಲುಗಲಿಲ್ಲ.

ಶ್ರಾವಣದ ಒಂದು ಶನಿವಾರ ಮಧ್ಯಾಹ್ನ ಓಬಳೇಶನ ಫೋನು ಬಡಿದುಕೊಂಡಿತು. ನೇತ್ರಾವತಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

“ಅಣ್ಣ! ಹಸಿವಾಯ್ತದೆ ಅಂದ್ಲು! ಅವಳಾಗವಳೇ ಬಂದು, ಅಮ್ಮ ಹೊಟ್ಟೆ ಹಸೀತೈತೆ ಅಂದ್ಲು ಕಣಣ್ಣ! ಗಂಟೆ ಹೊಡೆದಿರ್ಲಿಲ್ಲ, ನಾನು ಕರೆದಿರ್ಲಿಲ್ಲ! ಮುದ್ದೆಗೆ ಎಸರಿಟ್ಟಿದೀನಿ, ಬೇಗ ಬಾ!”

ಓಬಳೇಶ ಕುರ್ಚಿಯಿಂದ ಎದ್ದವನು ಹಾಗೇ ನಿಂತ. ಆಮೇಲೆ ಪರದೆಯ ಕಡೆ ತಿರುಗಿದ. ಐಸಿರಿಯ ಗೆರೆ ಎಂದಿನಂತೆ ನೆಟ್ಟಗಿತ್ತು. ಹಿಂದಿನ ಗಂಟೆ ನೋಡಿದ, ಅದರ ಹಿಂದಿನದು ನೋಡಿದ. ಪಟ್ಟಿ ಸರಿಯಾಗಿ ಅಂಟಿಕೊಂಡಿದೆ ಎಂದೇ ಯಂತ್ರ ಹೇಳುತ್ತಿತ್ತು.

ಅಷ್ಟರಲ್ಲಿ ಮಂದಾಕಿನಿ ಓಡಿಬಂದರು. ನೇತ್ರಾವತಿ ಅವರಿಗೂ ಫೋನು ಮಾಡಿದ್ದಳು.

“ಗೆರಿ ಏನರೆ ಹೇಳಲಿ ಬಿಡ್ರಿ. ಹೆತ್ತ ತಾಯಿ ಹೇಳ್ಯಾಳ, ಹುಡುಗಿ ಬಾಯಿ ಬಿಟ್ಟು ಕೇಳ್ಯಾಳ. ಪಟ್ಟಿ ಕೆಟ್ಟಿರಬೇಕು.” ಆಕೆಯ ಕಣ್ಣು ತುಂಬಿತ್ತು. ಅದು ಕೆಲಸ ಮುಂದುವರಿಯಿತೆಂಬ ಸಂತೋಷವಲ್ಲ, ತಲೆಯ ಮೇಲಿನ ಬಂಡೆ ಇಳಿಯಿತೆಂಬ ಸಂತೋಷ. “ನೀವು ಹೋಗಿ ಕಣ್ಣಾರೆ ನೋಡಿ ಬರ್ರಿ. ನೀವು ಹೂಂ ಅಂದ್ರ ಸಾಕು, ಇವತ್ತೇ ಬರದು ಕಳಿಸ್ತೀನಿ.”

ಬೈಕಿನಲ್ಲಿ ಮನೆಗೆ ಹೋಗುವ ದಾರಿಯುದ್ದಕ್ಕೂ ಓಬಳೇಶ ಪಟ್ಟಿ ಕೆಟ್ಟಿರಲಿ ಎಂದು ಬೇಡಿಕೊಂಡ. ದೇವರನ್ನು ನಂಬದವನು ಯಾರನ್ನು ಬೇಡಿದನೋ ಅವನಿಗೇ ಗೊತ್ತು.

ಮನೆಯಲ್ಲಿ ಹಬ್ಬದ ಗದ್ದಲ. ಮಾರಕ್ಕ ಬೆಳ್ಳುಳ್ಳಿ ಜಜ್ಜುತ್ತಿದ್ದಳು. ನೇತ್ರಾವತಿ ಎಷ್ಟೋ ದಿನದ ಮೇಲೆ ತಲೆ ಬಾಚಿ, ಗಂಡ ಹೋದಾಗ ಬಿಟ್ಟಿದ್ದ ಹೂವನ್ನೂ ಮುಡಿದಿದ್ದಳು. ಐಸಿರಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಓಬಳೇಶ ಹೋಗಿ ಪಕ್ಕದಲ್ಲಿ ಕೂತ.

“ಹಸಿವಾಯ್ತಂತೆ?”

“ಹೂಂ.”

“ಹೆಂಗಾಯ್ತು? ಹೊಟ್ಟೇಲಿ ಏನನ್ನಿಸ್ತು?”

ಐಸಿರಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಅವಳ ಮುಖ ಸಣ್ಣಗಾಗಿತ್ತು, ಹಳೆಯ ದುಂಡುಮುಖದ ಗುರುತೇ ಇರಲಿಲ್ಲ. ಅವಳು ಏನನ್ನೋ ನೆನಪಿಸಿಕೊಳ್ಳಲು ಹೆಣಗುವುದು ಹುಬ್ಬಿನಲ್ಲಿ ಕಾಣುತ್ತಿತ್ತು.

“ಮುಂಚೆ ಹೆಂಗಾಗ್ತಿತ್ತು ಅಂತ ಮರ್ತೇ ಹೋಗೈತೆ ಮಾವ. ಏನೋ ಆಗ್ತಿತ್ತು ಅಲ್ವಾ? ನೆನಪೇ ಬರ್ತಿಲ್ಲ.” ಅವಳು ಅಡುಗೆಮನೆಯ ಕಡೆ ನೋಡಿ ಧ್ವನಿ ತಗ್ಗಿಸಿದಳು. “ಅಮ್ಮ ದಿನಾ ಅಳ್ತಾಳೆ. ಬಚ್ಚಲಲ್ಲಿ ನೀರು ಬಿಟ್ಕೊಂಡು ಅಳ್ತಾಳೆ, ನಂಗೆ ಕೇಳಿಸ್ತದೆ. ಅದಕ್ಕೇ ಅಂದೆ. ಅಮ್ಮಂಗೆ ಹೇಳ್ಬೇಡಿ ಮಾವ.”

ಓಬಳೇಶ ಅವಳ ತಲೆಯ ಮೇಲೆ ಕೈಯಿಟ್ಟ. ಈ ಒಂದು ಸುಳ್ಳಿಗೆ ತಾನು ಹೂಂ ಎಂದರೆ ಇನ್ನೊಂದು ಊರಿನಲ್ಲಿ ಇನ್ನೊಂದು ತೋಳಿಗೆ ಕಾಳು ಹೋಗುತ್ತದೆ. ಹೂಂ ಎನ್ನದಿದ್ದರೆ, ಒಳಗೆ ಒಲೆಯ ಮುಂದೆ ನಿಂತಿರುವ ತಂಗಿಯ ಮುಡಿಯ ಹೂವು ಸಂಜೆಯವರೆಗೂ ಉಳಿಯುವುದಿಲ್ಲ.

ಹಿತ್ತಲ ಬಾಗಿಲಾಚೆ ಹೋಗಿ ಮಂದಾಕಿನಿಗೆ ಫೋನು ಮಾಡಿದ.

“ಬಂದಿಲ್ಲ ಮೇಡಂ. ಪಟ್ಟಿ ಸರಿಯಾಗೇ ಇದೆ. ತಾಯಿ ಅಳಬಾರದು ಅಂತ ಮಗು ಹಾಗಂದಿದೆ.”

ಆ ಕಡೆ ಕಡತ ಮುಚ್ಚಿದ ಸದ್ದು ಕೇಳಿಸಿತು.

“ಕೈಬಿಡೂಣು ಹಂಗಾರ,” ಎಂದರು ಮಂದಾಕಿನಿ. “ಬರೀತೀನಿ ನಾನು. ತಂಗೀಗೆ ಹೇಳ್ತೀರೇನು?”

“ಇವತ್ತಿಲ್ಲ ಮೇಡಂ.”

ಒಳಗೆ ಬಂದರೆ ನೇತ್ರಾವತಿ ಎಲ್ಲರಿಗೂ ತಟ್ಟೆ ಹಾಕಿದ್ದಳು. ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಅವನ ಬಾಯಿಂದ ಒಂದು ಮಾತು ಬರಲೆಂದು ಕಾಯುತ್ತಿದ್ದಳು.

“ಹೂಂ ಕಣೆ,” ಎಂದ ಓಬಳೇಶ. “ನೋಡ್ದೆ. ಶುರುವಾಗೈತೆ.”

ನೇತ್ರಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಮಾರಕ್ಕ ಅವಳನ್ನು ಗದರಿ, ಮುದ್ದೆ ಆರಿಹೋಗುತ್ತದೆ ಎಂದು ಬಡಿಸಲು ಕಳಿಸಿದಳು. ಆವಿಯಾಡುವ ಮುದ್ದೆ, ಹುರುಳಿ ಸಾರು. ಓಬಳೇಶನಿಗೆ ಒಂದು ತುತ್ತೂ ಇಳಿಯುವಂತಿರಲಿಲ್ಲ. ತಟ್ಟೆಯ ಮುಂದೆ ಕೂತವನು ತಲೆಯೆತ್ತಿ ನೋಡಿದರೆ, ಎದುರಿಗೆ ಕೂತ ಐಸಿರಿ ತುತ್ತು ಮುರಿಯದೆ ಅವನ ಕೈಯನ್ನೇ ನೋಡುತ್ತಿದ್ದಳು.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಹಸಿದವರು ಹೇಗೆ ಉಣ್ಣುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮನ ಮುಂದೆ ಸಿಕ್ಕಿಬೀಳದ ಹಾಗೆ ಉಣ್ಣಬೇಕಾದರೆ ಯಾರನ್ನಾದರೂ ನೋಡಿ ಕಲಿಯಬೇಕಿತ್ತು.

ಓಬಳೇಶ ಬಿಸಿ ಮುದ್ದೆಯನ್ನು ದೊಡ್ಡದಾಗಿ ಮುರಿದ. ಸಾರಿನಲ್ಲಿ ಹೊರಳಿಸಿ, ಊದಿ, ಆತುರದಿಂದ ಬಾಯಿಗೆ ಹಾಕಿ ನುಂಗಿದ. ಬೆರಳು ನೆಕ್ಕಿದ. ಐಸಿರಿಯೂ ಅಷ್ಟೇ ದೊಡ್ಡ ತುತ್ತು ಮುರಿದಳು, ಊದಿದಳು, ನುಂಗಿದಳು, ಬೆರಳು ನೆಕ್ಕಿದಳು. ನೇತ್ರಾವತಿ ಸೌಟು ಹಿಡಿದು ನಿಂತೇ ಇದ್ದಳು, ಮಗಳ ಮೇಲಿಂದ ಕಣ್ಣು ಕೀಳಲಿಲ್ಲ.

ಮುದ್ದೆ ಮುಗಿಯಿತು. ಓಬಳೇಶನಿಗೆ ಎದ್ದು ಓಡಬೇಕೆನ್ನಿಸಿತ್ತು. ಅವನು ತಟ್ಟೆ ಮುಂದೆ ಚಾಚಿದ.

“ಇನ್ನರ್ಧ ಹಾಕೆ ನೇತ್ರಾ. ಭಾರಿ ಹಸಿವಾಗಿತ್ತು.”

ಐಸಿರಿ ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ತನ್ನ ತಟ್ಟೆಯನ್ನೂ ಅಮ್ಮನ ಕಡೆ ಚಾಚಿದಳು.

“ನಂಗೂ ಅಮ್ಮ,” ಎಂದಳು.